ಮಗ್ಗದ ಪಕ್ಕದ ಹೆರಿಗೆ

ನಮ್ಮ ಮನೆಯಲ್ಲಿ ಮನುಷ್ಯರಿಗಿಂತ ಮಗ್ಗಕ್ಕೇ ಜಾಗ ಹೆಚ್ಚಿತ್ತು. ಮೊಳಕಾಲ್ಮೂರಿನ ನೇಕಾರರ ಬೀದಿಯಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಬಾಗಿಲು ದಾಟಿದರೆ ಒಂದೇ ಉದ್ದನೆಯ ಕೋಣೆ. ಅದರ ಮುಕ್ಕಾಲು ಪಾಲು ಗುಂಡಿ ಮಗ್ಗ. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಅಪ್ಪ ಬೆಳಿಗ್ಗೆ ಕೂತರೆ ಹೊತ್ತು ಇಳಿಯುವ ತನಕ ಲಾಳಿಯ ಸದ್ದು. ಹಾಸು, ಅಂದರೆ ಸೀರೆಯ ಉದ್ದಕ್ಕೆ ಬಿಗಿದು ಕಟ್ಟಿದ ಎಳೆಗಳು, ಕೋಣೆಯ ಈ ತುದಿಯಿಂದ ಆ ತುದಿಗೆ ಚಾಚಿಕೊಂಡಿರುತ್ತಿತ್ತು. ಅದರ ಬದಿಯಲ್ಲಿ ಉಳಿದ ಜಾಗದಲ್ಲಿ ನಾವು ಅಡುಗೆ ಮಾಡಿ, ಉಂಡು, ಮಲಗಿ, ಜಗಳವಾಡಿ ಬದುಕಿದೆವು. ರೇಷ್ಮೆಗೆ ಸಾರು ಸಿಡಿಯಬಾರದೆಂದು ಗೋಡೆಗೆ ಮುಖ ಮಾಡಿ ಮುದ್ದೆ ನುಂಗುತ್ತಿದ್ದೆವು. ನಾನು ದೊಡ್ಡವಳಾಗಿ ಚಳ್ಳಕೆರೆಗೆ ನರ್ಸ್ ಕೆಲಸಕ್ಕೆ ಬಂದ ಮೇಲೂ ಎಷ್ಟೋ ವರ್ಷ ಹಾಗೇ ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದೆ. ಜೊತೆಯವರು ಇವಳಿಗೆ ಸೊಕ್ಕು ಅಂದುಕೊಂಡರು. ಸೊಕ್ಕೂ ಇತ್ತು ಅನ್ನಿ, ಆದರೆ ಅದು ಬೇರೆ ವಿಷಯ.

ಮನೆಯೊಳಗೆ ನಮ್ಮದು ತೆಲುಗು, ಹೊಸಿಲು ದಾಟಿದರೆ ಕನ್ನಡ. ಅಪ್ಪನಿಗೆ ನಾಯ್ನ ಅನ್ನುತ್ತಿದ್ದೆ, ಅವನ ತಾಯಿಗೆ ಜೇಜಿ. ನನ್ನ ತಾಯಿ ಅಮ್ಮ. ನಾನು ಲಚ್ಚಿ. ಇಷ್ಟೇ ಜನ. ಅವರ ಮಾತನ್ನೆಲ್ಲ ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ, ಬೀದಿಯಲ್ಲಿ ಅವರು ಆಡುತ್ತಿದ್ದ ಕನ್ನಡದಲ್ಲಿ. ಒಂದು ಹಾಸು ನೇಯ್ದು ಮುಗಿದಾಗ ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯದರ ತುದಿಗೆ ಕೂಡಿಸಬೇಕು. ಗಂಟು ಹಾಕುವ ಹಾಗಿಲ್ಲ, ಬೆರಳಲ್ಲಿ ಹೊಸೆಯಬೇಕು. ಸಾವಿರಾರು ಎಳೆ. ರೇಷ್ಮೆ ಜಾರುತ್ತದೆ, ಆದ್ದರಿಂದ ಬೆರಳ ತುದಿಗೆ ಒಲೆಯ ಬೂದಿ ಮುಟ್ಟಿಸಿಕೊಳ್ಳಬೇಕು. ಹಾಸಿನ ಪಕ್ಕದಲ್ಲಿ ಯಾವಾಗಲೂ ಒಂದು ತೆಂಗಿನ ಚಿಪ್ಪು, ಅದರ ತುಂಬ ಕುಳ್ಳಿನ ಬೂದಿ. ಇದು ಹೆಂಗಸರ ಮತ್ತು ಮಕ್ಕಳ ಕೆಲಸ. ಜೇಜಿ ಒಂದು ಬದಿಗೆ, ಅಮ್ಮ ಎದುರು ಬದಿಗೆ, ನಾನು ನಡುವೆ. ಹತ್ತು ವರ್ಷ ತುಂಬುವಷ್ಟರಲ್ಲಿ ನನ್ನ ಬೆರಳು ಅವರಿಬ್ಬರಿಗಿಂತ ಚುರುಕಾಗಿತ್ತು. ಆದರೂ ಬೂದಿ ಮುಟ್ಟದೆ ಎಳೆ ಮುಟ್ಟಿದರೆ ಜೇಜಿ ಮೊಣಕೈಗೆ ಪಟ್ಟನೆ ಒಂದು ಕೊಡುತ್ತಿದ್ದಳು.

"ಮೊದ್ಲು ಬೂದಿ, ಆಮೇಲೆ ಎಳೆ. ಎಷ್ಟು ಸಲ ಹೇಳ್ಬೇಕೇ ನಿಂಗೆ?"

ಎಷ್ಟೋ ಸಲ ಹೇಳಿಸಿಕೊಂಡು ಕಡೆಗೆ ಕಲಿತೆ. ಕಣ್ಣು ಮುಚ್ಚಿಕೊಂಡಿದ್ದರೂ ಕೈ ಮೊದಲು ಚಿಪ್ಪಿಗೆ, ಆಮೇಲೆ ಎಳೆಗೆ ಹೋಗುತ್ತಿತ್ತು.

ಜೇಜಿ ಬೀದಿಯ ಹೆರಿಗೆಗಳನ್ನೂ ಮಾಡಿಸುತ್ತಿದ್ದಳು. ಅವಳನ್ನು ಯಾರೂ ಸೂಲಗಿತ್ತಿ ಎಂದು ಕರೆದದ್ದು ನನಗೆ ನೆನಪಿಲ್ಲ. ಜೇಜಿನ ಕರೀರಿ ಅಂದರೆ ಸಾಕಿತ್ತು. ಅವಳ ಕೈಯಲ್ಲಿ ಹುಟ್ಟಿದ ಮಕ್ಕಳು ಬೀದಿ ತುಂಬ ಓಡಾಡುತ್ತಿದ್ದವು. ಉಳಿಯದವೂ ಇದ್ದವು. ಹುಟ್ಟಿದಾಗ ಗಟ್ಟಿಯಾಗಿದ್ದು, ಎರಡು ಮೂರು ದಿನ ಚೆನ್ನಾಗಿ ಹಾಲು ಕುಡಿದು, ವಾರದ ಹೊತ್ತಿಗೆ ಬಾಯಿ ಕಚ್ಚಿಕೊಂಡು ಮೈ ಸೆಟೆದು ಹೋಗುವ ಕೂಸುಗಳು. ಅದನ್ನು ಗಾಳಿ ಅನ್ನುತ್ತಿದ್ದರು, ದೃಷ್ಟಿ ಅನ್ನುತ್ತಿದ್ದರು, ಬಾಣಂತಿಯೇ ಏನೋ ತಿಂದಳು ಅನ್ನುತ್ತಿದ್ದರು. ಹೊಕ್ಕಳಬಳ್ಳಿಯನ್ನು ಮನೆಯಲ್ಲಿದ್ದ ಹಳೇ ಬ್ಲೇಡಿನಲ್ಲೋ ಕುಡುಗೋಲಿನಲ್ಲೋ ಕೊಯ್ದು, ಮೇಲೆ ಬೂದಿ ಒತ್ತುವುದು ಜೇಜಿಯ ಪದ್ಧತಿ, ಅವಳ ಅತ್ತೆಯ ಪದ್ಧತಿ. ಒಂದು ಚಳಿಗಾಲದಲ್ಲಿ ನಮ್ಮ ಬೀದಿಯಲ್ಲೇ ಇಂಥ ಎರಡು ಕೂಸು ಹೋದವು. ಅದಾದ ಮೇಲೆ ಚಳ್ಳಕೆರೆ ಕಡೆಯ ಒಬ್ಬ ನರ್ಸಮ್ಮ ಮನೆಗೆ ಬಂದರು. ಗಟ್ಟಿ ದನಿ, ಸೊಂಟಕ್ಕೆ ಸಿಕ್ಕಿಸಿದ ಬಿಳಿ ಸೆರಗು. ಹೆರಿಗೆ ಮಾಡಿಸುವ ಹೆಂಗಸರಿಗೆ ನಿಮ್ಮೂರಲ್ಲೇ ತರಬೇತಿ ಕೊಡುತ್ತೇವೆ, ನೀವೂ ಬರಬೇಕು ಅಂದರು. ಜೇಜಿಗೆ ಓದು ಬರುತ್ತಿರಲಿಲ್ಲ. ಹೇಳಿದ್ದನ್ನು ನೆನಪಿಟ್ಟುಕೊಳ್ಳಲು ನನ್ನನ್ನು ಕರೆದುಕೊಂಡು ಹೋದಳು. ಹೇಗೂ ಶಾಲೆಗೆ ರಜೆ.

ಕೊಂಡ್ಲಹಳ್ಳಿಯಿಂದ, ಸುತ್ತಲಿನ ಹಟ್ಟಿಗಳಿಂದ ಹತ್ತಾರು ಹೆಂಗಸರು ಬಂದಿದ್ದರು. ಎಲ್ಲರೂ ನೆಲದ ಮೇಲೆ ಕಾಲು ಚಾಚಿ ಕೂತು, ಎಲೆ ಅಡಿಕೆ ಹಾಕಿಕೊಂಡು, ಈ ಚಿಕ್ಕ ವಯಸ್ಸಿನವಳು ನಮಗೇನು ಕಲಿಸುತ್ತಾಳೆ ಅನ್ನುವ ಮುಖ ಮಾಡಿದ್ದರು. ಮೊದಲ ದಿನವೇ ಜೇಜಿಗೂ ನರ್ಸಮ್ಮನಿಗೂ ಹತ್ತಿಕೊಂಡಿತು.

"ಬೂದಿ ಅಂದ್ರೆ ಬೆಂಕಿಯಾಗೆ ಸುಟ್ಟಿದ್ದು ಕಣಮ್ಮ. ಬೆಂಕಿಗಿಂತ ಚೊಕ್ಕ ಯಾವ್ದೈತೆ, ಹೇಳು ನೋಡಾಣ?"

"ಒಲೆಯಾಗಿರೋ ತಂಕ ಚೊಕ್ಕನೇ ಜೇಜಿ. ಆಚೆ ತೆಗೆದಿಟ್ಟ ಮೇಲೆ? ನಿಮ್ಮ ಕೋಳಿ ಅದ್ರಾಗೇ ಕೆದರಲ್ವಾ? ಸಗಣಿ ಮುಟ್ಟಿದ ಕೈಯಾಗೆ ನೀವೇ ಅದನ್ನ ಮುಟ್ಟಲ್ವಾ? ಅಂಥಾ ಬೂದೀನ ಹಸಿ ಗಾಯಕ್ಕೆ ಒತ್ತಿದ್ರೆ ನಂಜು ಒಳಕ್ಕೋಗ್ತೈತೆ. ಕೂಸು ಬಾಯಿ ಕಚ್ಕೊಂಡು ಹೋಗೋದು ಅದ್ರಿಂದಾನೇ ಕಣ್ರಿ, ಗಾಳಿಯಿಂದಲ್ಲ."

ಜೇಜಿ ಸೆರಗು ಕೊಡವಿಕೊಂಡು ಎದ್ದಳು. ಮನೆಗೆ ಬಂದು ಮುದ್ದೆಯ ಮುಂದೆ ಕೂತವಳು ಕೈ ಹಾಕಲಿಲ್ಲ. ಅಮ್ಮ ಏನಾಯ್ತು ಅತ್ತೆ ಎಂದು ಕೇಳಿದಾಗ, "ಹಂಗಾದ್ರೆ ಆ ಮಕ್ಕಳನ್ನೆಲ್ಲ ನಾನೇ..." ಎಂದು ಶುರುಮಾಡಿ ಅಷ್ಟಕ್ಕೇ ನಿಲ್ಲಿಸಿದಳು. ಈ ಹೆಂಗಸು ಇನ್ನು ತರಬೇತಿಯ ಕಡೆ ತಲೆ ಹಾಕುವುದಿಲ್ಲ ಎಂದುಕೊಂಡೆ. ಮಾರನೆಯ ದಿನ ಎಲ್ಲರಿಗಿಂತ ಮೊದಲು ಹೋಗಿ ಮುಂದೆ ಕೂತವಳು ಅವಳೇ. ನನ್ನ ಜೇಜಿಯ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆ ಎನಿಸುವುದು ಆ ಬೆಳಗಿಗಾಗಿ. ಮೂವತ್ತು ವರ್ಷ ನಾನೇ ಇಂಥ ತರಬೇತಿ ಕೊಟ್ಟಿದ್ದೇನೆ, ಎಂತೆಂಥ ಓದಿದವರನ್ನು ನೋಡಿದ್ದೇನೆ. ತಪ್ಪು ಎಂದು ತಿಳಿದ ಮಾರನೆಯ ದಿನವೇ ಕೈ ತಿದ್ದಿಕೊಂಡವರು ಬೆರಳೆಣಿಕೆಯಷ್ಟು.

ತರಬೇತಿ ಮುಗಿದಾಗ ಒಂದು ತಗಡಿನ ಪೆಟ್ಟಿಗೆ ಕೊಟ್ಟರು. ಸೋಪು, ಉಗುರು ಉಜ್ಜುವ ಬ್ರಷ್ಷು, ಪ್ಲಾಸ್ಟಿಕ್ ಹಾಳೆ, ಹೊಸ ಬ್ಲೇಡುಗಳು, ದಾರ. ಜೇಜಿ ಅದನ್ನು ದೇವರ ಗೂಡಿನ ಕೆಳಗೆ ಇಟ್ಟಳು. ಮನೆಯಲ್ಲಿ ನಮ್ಮಿಬ್ಬರದೇ ಪಾಠ ನಡೆಯಿತು. ಸೋರೆಕಾಯಿಗೆ ಬಟ್ಟೆ ಸುತ್ತಿ ಕೂಸು ಮಾಡುತ್ತಿದ್ದಳು, ಅದಕ್ಕೆ ಕಟ್ಟಿದ ಹಳೇ ನೂಲಿನ ಹುರಿಯೇ ಹೊಕ್ಕಳಬಳ್ಳಿ. ನಾನು ಎದುರು ಕೂತು ಒಂದೊಂದೇ ಬೆರಳು ಮಡಚುತ್ತಾ ಕೇಳಬೇಕು: ಕೈ ಚೊಕ್ಕಾನಾ? ನೆಲ ಚೊಕ್ಕಾನಾ? ಬ್ಲೇಡು? ದಾರ? ಹೊಕ್ಕಳಿಗೆ ಏನು ಹಚ್ಚಬೇಕು? ಕಡೆಯ ಪ್ರಶ್ನೆಗೆ ಜೇಜಿ ಗಟ್ಟಿಯಾಗಿ "ಏನೂ ಇಲ್ಲ" ಅನ್ನುತ್ತಿದ್ದಳು. ಮಗ್ಗದಲ್ಲಿ ಕೂತ ನಾಯ್ನ ನಗುತ್ತಿದ್ದ. ಆ ಸೋರೆಕಾಯಿಯನ್ನು ಕಡೆಗೆ ಪಲ್ಯ ಮಾಡಿ ತಿಂದೆವು. ಕೂಸನ್ನ ತಿಂತಿದೀವಿ ಎಂದು ನಾನು ಅಂದಿದ್ದಕ್ಕೆ ಅಮ್ಮ ಬಾಯಿ ಮೇಲೆ ಹೊಡೆದಳು. ಅಮ್ಮನಿಗೆ ಆಗ ಎರಡು ತಿಂಗಳು ನಿಂತಿತ್ತು. ನಾನಾದ ಮೇಲೆ ಎರಡು ಸಲ ಬಸಿರು ನಿಲ್ಲದೆ ಹೋಗಿತ್ತು, ಅವಳು ಎಲ್ಲದಕ್ಕೂ ಹೆದರುತ್ತಿದ್ದಳು.

ಹೆದರಿಕೆಯಿಂದಲೇ ಇನ್ನೊಂದು ಕೆಲಸ ಮಾಡಿದಳು. ಹುಟ್ಟುವ ಕೂಸಿಗೆ ಆ ನಂಜು ತಾಗದಿರಲೆಂದು ಬಸುರಿಯರಿಗೆ ಎರಡು ಸಲ ಹಾಕುವ ಇಂಜೆಕ್ಷನ್ ತೆಗೆದುಕೊಂಡು ನರ್ಸಮ್ಮ ಬೀದಿಗೆ ಬಂದ ದಿನ ಜೇಜಿ ಯಾರದೋ ಬಾಣಂತನಕ್ಕೆ ಹೋಗಿದ್ದಳು, ನಾಯ್ನನೂ ಇರಲಿಲ್ಲ. ಆ ಸೂಜಿ ಹಾಕಿಸಿಕೊಂಡರೆ ಗರ್ಭಚೀಲ ಮುಚ್ಚಿಹೋಗುತ್ತದೆ ಎಂದು ಬೀದಿಯಲ್ಲಿ ಯಾರೋ ಹಬ್ಬಿಸಿದ್ದರು. ಮಕ್ಕಳಾಗದಂತೆ ಮಾಡುವ ಆಪರೇಷನ್ನಿನ ಹೆಸರು ಕೇಳಿದರೇ ಜನ ಓಡಿಹೋಗುತ್ತಿದ್ದ ಕಾಲ ಅದು. ನರ್ಸಮ್ಮನ ದನಿ ಪಕ್ಕದ ಮನೆಯಲ್ಲಿ ಕೇಳಿದ್ದೇ ತಡ, ಅಮ್ಮ ಮಗ್ಗದ ಗುಂಡಿಗೆ ಇಳಿದು, ಮಂಡಿ ಮಡಚಿ ಕೂತು, ತಲೆಯ ಮೇಲೆ ಹಳೇ ಸೀರೆ ಎಳೆದುಕೊಂಡಳು.

"ನಿಮ್ಮಮ್ಮ ಎಲ್ಲೇ ಲಚ್ಚಿ?"

"ತವರಿಗೆ ಹೋಗೈತೆ, ರಾಯದುರ್ಗಕ್ಕೆ."

"ಬಂದ್ ತಕ್ಷಣ ಆಸ್ಪತ್ರೆಗೆ ಬರಾಕೆ ಹೇಳು. ಮರೀಬ್ಯಾಡ, ಹಾಂ?"

ನರ್ಸಮ್ಮ ಆ ಕಡೆ ಹೋದ ಮೇಲೆ ಗುಂಡಿಯಿಂದ ಅಮ್ಮನ ನಗು ಬಂತು. ನನಗೂ ನಗು. ನಾವಿಬ್ಬರೂ ಹಾಗೆ ಸೇರಿ ನಕ್ಕದ್ದು ಕಡಿಮೆ, ಆದ್ದರಿಂದ ನನಗೆ ಅದು ದೊಡ್ಡ ಖುಷಿ. ಎರಡನೆಯ ಸಲ ನರ್ಸಮ್ಮ ಬಂದಾಗಲೂ ಹಾಗೇ ಮಾಡಿದೆವು. ಜೇಜಿ ಕೇಳಿದಾಗ ಅಮ್ಮ, "ಎರಡೂ ಹಾಕಿಸ್ಕೊಂಡೆ ಅತ್ತೆ, ತೋಳು ಊದ್ಕೊಂಡಿತ್ತು" ಅಂದಳು. ತೋಳು ಊದಿಕೊಂಡಿತ್ತು ಎಂಬುದನ್ನೂ ಸೇರಿಸಿದಳಲ್ಲ, ಎಷ್ಟು ಜಾಣೆ ಎಂದು ನಾನು ಬೆರಗಾದೆ.

ಹೆರಿಗೆ ನೋವು ಬೆಳಿಗ್ಗೆ ಹತ್ತರ ಹೊತ್ತಿಗೆ ಶುರುವಾಯಿತು, ಎಣಿಸಿದ್ದಕ್ಕಿಂತ ಎರಡು ವಾರ ಮುಂಚೆ. ಹಿಂದಿನ ದಿನವಷ್ಟೇ ಹೊಸ ಹಾಸು ಬಂದಿತ್ತು, ಎಳೆ ಕೂಡಿಸುವುದು ಅರ್ಧಕ್ಕೆ ನಿಂತಿತ್ತು. ಬೇರೆ ಕೋಣೆ ಎಲ್ಲಿಂದ ತರುವುದು? ಹಾಸಿನ ಪಕ್ಕದಲ್ಲೇ ನೆಲ ಒರೆಸಿ ಪ್ಲಾಸ್ಟಿಕ್ ಹಾಳೆ ಹಾಸಿ ಅಮ್ಮನನ್ನು ಮಲಗಿಸಿದರು. ನಾಯ್ನನನ್ನು ಹೊರಗೆ ಅಟ್ಟಿದರು. ಪೆಟ್ಟಿಗೆಯಲ್ಲಿದ್ದ ದಾರ ಹಿಂದಿನ ಹೆರಿಗೆಗಳಲ್ಲಿ ಮುಗಿದಿತ್ತು. ಮುಗಿದರೆ ಏನು ಮಾಡಬೇಕು ಎಂದು ನರ್ಸಮ್ಮ ಹೇಳಿಕೊಟ್ಟಿದ್ದರು: ಮನೆಯ ಹತ್ತಿಯ ದಾರವನ್ನೇ ಬ್ಲೇಡಿನ ಜೊತೆ ಚೆನ್ನಾಗಿ ಕುದಿಸಿ. ಕುದಿಸಿದವಳು ನಾನು. ಜೇಜಿ ಹೇಳಿದ ಹಾಗೆ ಮೊಣಕೈ ತನಕ ಸೋಪು ಹಚ್ಚಿ ಕೈ ತೊಳೆದೆ, ಉಗುರು ಉಜ್ಜಿದೆ. ಎಲ್ಲವನ್ನೂ ಮಾಡಿದೆ.

ಗಂಡು ಕೂಸು. ಹುಟ್ಟಿದ ಕೂಡಲೇ ಅತ್ತಿತು. ಬಳ್ಳಿಯ ಬಡಿತ ನಿಂತ ಮೇಲೆ ಜೇಜಿ ಕೈ ಚಾಚಿದಳು.

"ದಾರ ಕೊಡೇ. ಮೂರೆಳೆ ಮಾಡಿ ಕೊಡು, ಒಂಟಿ ಎಳೆ ಕೊಯ್ದುಬಿಡ್ತೈತೆ."

ಪಾತ್ರೆಯಿಂದ ದಾರ ತೆಗೆದೆ. ಮೂರು ಮಡಿಕೆ ಮಾಡಿ ಹೊಸೆಯಲು ನೋಡಿದೆ. ಒದ್ದೆ ದಾರ ಬೆರಳಿಗೆ ಸಿಗದೆ ಜಾರಿತು. ಮತ್ತೆ ನೋಡಿದೆ, ಮತ್ತೆ ಬಿಚ್ಚಿಕೊಂಡಿತು. ಅಮ್ಮ ನರಳುತ್ತಿದ್ದಳು, ಜೇಜಿ "ಬೇಗ ಕೊಡೇ" ಎಂದು ಕೂಗುತ್ತಿದ್ದಳು. ನನ್ನ ಮಗ್ಗುಲಲ್ಲೇ ಚಿಪ್ಪು ಇತ್ತು. ಕೈ ಹೋಯಿತು. ಬೂದಿ ಮುಟ್ಟಿದ ಬೆರಳಲ್ಲಿ ಹೊಸೆದ ತಕ್ಷಣ ಮೂರೆಳೆಯೂ ಕೂಡಿ ಒಂದಾಗಿ ಬಿಗಿಯಾಗಿ ನಿಂತಿತು. ಎಷ್ಟು ಚೆನ್ನಾಗಿ ಹೊಸೆದಿದ್ದೇನೆ ನೋಡು ಎಂಬ ಹೆಮ್ಮೆಯಿಂದ ಜೇಜಿಯ ಕೈಗೆ ಕೊಟ್ಟೆ. ಗೊತ್ತೇ ಆಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಬೂದಿ ಮುಟ್ಟಿದ್ದು ಗೊತ್ತಾಯಿತು, ತಪ್ಪು ಎಂದು ಹೊಳೆಯಲಿಲ್ಲ. ಹೊಕ್ಕಳಿಗೆ ಬೂದಿ ಹಚ್ಚಬಾರದು ಎಂದು ಐದು ಬೆರಳು ಮಡಚಿ ಪಾಠ ಒಪ್ಪಿಸಿಕೊಳ್ಳುತ್ತಿದ್ದವಳು ನಾನೇ. ದಾರ ಹೊಸೆಯುವಾಗ ಮುಟ್ಟಬಾರದು ಎಂದು ಯಾರೂ ಹೇಳಿರಲಿಲ್ಲ. ನೇಕಾರರ ಮನೆಯ ಕೈಗೆ ಅದನ್ನು ಬೇರೆಯಾಗಿ ಹೇಳಬೇಕಿತ್ತು. ಪಾಪ, ಆ ನರ್ಸಮ್ಮನಿಗೆ ಅದು ಹೇಗೆ ಗೊತ್ತಾಗಬೇಕು?

ಜೇಜಿಯ ಕಣ್ಣಿಗೆ ಆಗಲೇ ಪೊರೆ ಬರುತ್ತಿತ್ತು. ಬೆರಳ ಅಂದಾಜಿನಲ್ಲೇ ಕಟ್ಟಿ ಬಳ್ಳಿ ಕೊಯ್ದಳು. ಅಷ್ಟರಲ್ಲಿ ಅಮ್ಮನಿಗೆ ರಕ್ತ ಹೋಗಲು ಶುರುವಾಯಿತು. ಮಾಸು ಬಿದ್ದಿತ್ತು, ರಕ್ತ ನಿಲ್ಲಲಿಲ್ಲ. ಪ್ಲಾಸ್ಟಿಕ್ ಹಾಳೆಯ ಅಂಚು ದಾಟಿ ಗುಂಡಿಯ ಕಡೆ ಹರಿಯಿತು. ಹಿಂದಿನ ಜೇಜಿಯಾಗಿದ್ದರೆ ಮಂತ್ರ ಹಾಕಿಸಲು ಯಾರನ್ನಾದರೂ ಕಳಿಸುತ್ತಿದ್ದಳು. ಈ ಜೇಜಿ ಕೂಸನ್ನು ತಕ್ಷಣ ಅಮ್ಮನ ಎದೆಗೆ ಹಾಕಿ, ಹೊಟ್ಟೆಯನ್ನು ನರ್ಸಮ್ಮ ತೋರಿಸಿದ ಹಾಗೆ ಗಟ್ಟಿಯಾಗುವ ತನಕ ತಿಕ್ಕಿದಳು. ಅವಳ ಹಣೆಯ ಬೆವರು ಅಮ್ಮನ ಮೇಲೆ ತೊಟ್ಟಿಕ್ಕುತ್ತಿತ್ತು. ರಕ್ತ ನಿಂತಿತು. ಅಮ್ಮ ಆಮೇಲೆ ಐವತ್ತು ವರ್ಷ ಬದುಕಿದ್ದು ಆ ಕೈಯಿಂದ. ಇದನ್ನು ಅಮ್ಮ ಒಂದು ಸಲವೂ ಬಾಯಿಬಿಟ್ಟು ಹೇಳಲಿಲ್ಲ, ಅದಕ್ಕೇ ನಾನು ಇಲ್ಲಿ ಬರೆಯುತ್ತಿದ್ದೇನೆ.

ಸಂಜೆ ಕೂಸನ್ನು ಬಾಗಿಲ ಬೆಳಕಿಗೆ ಹಿಡಿದು ಒರೆಸುವಾಗ ಜೇಜಿ ನಿಂತುಬಿಟ್ಟಳು. ದಾರವನ್ನು ಮೂಗಿನ ಹತ್ತಿರ ತಂದು ನೋಡಿದಳು. ನನ್ನನ್ನು ಹಿತ್ತಲಿಗೆ ಕರೆದಳು.

"ಲಚ್ಚೀ, ಬೂದಿ ಮುಟ್ಟಿದ್ಯಾ?"

"ಹೂಂ. ಜಾರ್ತಿತ್ತು ಜೇಜಿ."

ಅವಳು ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. ಗೋಡೆಗೆ ಆನಿಕೊಂಡು, "ಯಾರಿಗೂ ಹೇಳ್ಬ್ಯಾಡ" ಅಂದಳು. ಒಳಗೆ ಹೋಗಿ ಹೊಸ ದಾರ ಕುದಿಸಿ ಕಟ್ಟಿ, ಹಳೆಯದನ್ನು ಬಿಚ್ಚಿ, ಕುದಿಸಿ ಆರಿಸಿದ ನೀರಿನಲ್ಲಿ ಹೊಕ್ಕಳು ತೊಳೆದಳು. ಆ ವಾರವೆಲ್ಲ ಅವಳು ಕೂಸಿನ ಬಾಯಿಯನ್ನೇ ನೋಡುತ್ತಿದ್ದಳು. ಅಮ್ಮ ಹಾಲು ಕೊಡುವಾಗಲೆಲ್ಲ ಬಂದು ಬಗ್ಗಿ, "ಕುಡೀತೈತಾ?" ಎಂದು ಕೇಳುತ್ತಿದ್ದಳು. ಕುಡಿಯುತ್ತಿತ್ತು. ಅಮ್ಮನಿಗೆ ನಗು. "ಅತ್ತೆಗೆ ಮೊಮ್ಮಗ ಅಂದ್ರೆ ಪ್ರಾಣ ಬಂದೈತೆ ನೋಡ್ರಿ" ಎಂದು ನಾಯ್ನನಿಗೆ ಹೇಳಿದಳು. ತೊಟ್ಟಿಲು ಶಾಸ್ತ್ರಕ್ಕೆ ರಾಯದುರ್ಗದಿಂದ ಯಾರು ಯಾರು ಬರಬೇಕು ಎಂದು ಮಾತು ನಡೆದಿತ್ತು. ಆರನೆಯ ದಿನ ಬೆಳಿಗ್ಗೆ ಕೂಸು ಮೊಲೆ ಹಿಡಿಯಲು ಹೋಗಿ ಬಿಟ್ಟಿತು. ಮತ್ತೆ ಹೋಯಿತು, ಮತ್ತೆ ಬಿಟ್ಟಿತು. ಹಸಿವಾಗಿ ಅಳುತ್ತಿತ್ತು, ಆದರೆ ಬಾಯಿ ತೆರೆಯಲು ಆಗುತ್ತಿರಲಿಲ್ಲ. ಜೇಜಿ ಕಿರುಬೆರಳನ್ನು ತುಟಿಯ ನಡುವೆ ಇಟ್ಟು ನೋಡಿದಳು. ತಕ್ಷಣ ಎದ್ದು ನಾಯ್ನನಿಗೆ, "ಬಸ್ಸಿಗೆ ನಡಿ" ಅಂದಳು.

ಚಳ್ಳಕೆರೆಯ ತನಕ ಬಸ್ಸಿನಲ್ಲಿ ಯಾರು ಜೋರಾಗಿ ಮಾತಾಡಿದರೂ ಕೂಸು ಸೆಟೆದುಕೊಳ್ಳುತ್ತಿತ್ತು. ಜೇಜಿ ಎಲ್ಲರಿಗೂ ಕೈ ಮುಗಿದು ಸುಮ್ಮನಿರಿ ಅಂದಳು. ಅಷ್ಟು ಜನರಿದ್ದ ಬಸ್ಸು ಸುಮ್ಮನಾಯಿತು. ಆಸ್ಪತ್ರೆಯಲ್ಲಿ ಅವತ್ತು ನಮ್ಮ ನರ್ಸಮ್ಮನೇ ಇದ್ದರು. ಕೂಸನ್ನು ನೋಡಿದ ಕೂಡಲೇ ಅವರ ಮುಖ ಇಳಿಯಿತು. ಬೆಳಕು ಸದ್ದು ತಾಗದ ಒಳಗಿನ ಕತ್ತಲೆ ಕೋಣೆಗೆ ಒಯ್ದು ಔಷಧಿ ಕೊಡಿಸಿ ಬಂದು, ಬೆಂಚಿನ ಮೇಲೆ ಕೂತಿದ್ದ ಅಮ್ಮನ ಮುಂದೆ ನಿಂತರು.

"ಎರಡೂ ಇಂಜೆಕ್ಷನ್ ಆಗಿತ್ತೇನಮ್ಮ ನಿಂಗೆ?"

ಅಮ್ಮ ನನ್ನ ಕಡೆ ನೋಡಲಿಲ್ಲ. "ಆಗಿತ್ತು" ಅಂದಳು. "ತವರಾಗೆ ಹಾಕಿಸ್ಕೊಂಡೆ, ರಾಯದುರ್ಗದಾಗೆ."

"ಮತ್ತೆ ಹೆಂಗಾತಿದು? ಜೇಜಿ, ಹೊಕ್ಕಳಿಗೆ ಏನಾರ ಹಚ್ಚಿದ್ರಾ?"

ನಾನು ಬಾಯಿ ತೆರೆದೆ. ಜೇಜಿ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಬಳೆ ಒಡೆಯಿತು.

"ಹೂಂ ಕಣಮ್ಮ. ಬೂದಿ ಹಚ್ಚಿದೆ. ಹಳೇ ಕೈ ನೋಡು, ಗಾಬರಿಯಾಗೆ ಮರ್ತುಬಿಟ್ಟೆ."

"ನೀವಾ ಜೇಜಿ? ಅಯ್ಯೋ, ನಿಮ್ಮನ್ನೇ ತೋರ್ಸಿ ಎಲ್ರಿಗೂ ಹೇಳ್ತಿದ್ನಲ್ರೀ ನಾನು!"

ಜೇಜಿ ತಲೆ ತಗ್ಗಿಸಿದಳು. ಅಮ್ಮ ಬೆಂಚಿನಿಂದ ಎದ್ದು ಅವಳಿಂದ ದೂರ ಹೋಗಿ ನೆಲದ ಮೇಲೆ ಕೂತಳು. ಒಂದೇ ಬೆಂಚಿನ ಮೇಲೆ ಇಬ್ಬರು ಹೆಂಗಸರು ಒಂದೇ ಗಳಿಗೆಯಲ್ಲಿ ಎರಡು ಸುಳ್ಳು ಹೇಳಿದ್ದರು. ಎರಡೂ ಸುಳ್ಳೆಂದು ಗೊತ್ತಿದ್ದವಳು ನಾನೊಬ್ಬಳೇ. ಹತ್ತು ವರ್ಷದವಳು, ಸುಮ್ಮನೆ ನಿಂತಿದ್ದೆ. ಎಂಟನೆಯ ದಿನ ಮಧ್ಯಾಹ್ನ ಕೂಸು ಹೋಯಿತು. ನಾಯ್ನ ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ಊರಿಗೆ ತಂದು, ಯಾರನ್ನೂ ಜೊತೆಗೆ ಕರೆಯದೆ ಹೋಗಿ ಹೂತು ಬಂದ.

ಅಮ್ಮನಿಗೆ ಹಾಲು ನಿಲ್ಲಲಿಲ್ಲ. ಎದೆ ಕಲ್ಲಾಗಿ ಜ್ವರ ಬಂತು, ರವಿಕೆ ಒದ್ದೆಯಾಗಿ ಮನೆಯೆಲ್ಲ ಹುಳಿ ಹಾಲಿನ ವಾಸನೆ. ಹಾಲು ಇಂಗಲೆಂದು ಎದೆಗೆ ಮಲ್ಲಿಗೆ ಹೂವು ಇಟ್ಟು ಬಟ್ಟೆ ಬಿಗಿಯಲು ಜೇಜಿ ಹೋದಾಗ ಅಮ್ಮ ಅವಳ ಕೈಯನ್ನು ತಳ್ಳಿದಳು.

"ಮುಟ್ಬ್ಯಾಡ ನನ್ನ. ಊರ ಮಕ್ಕಳನ್ನ ಉಳಿಸ್ತೀನಿ ಅಂತ ಪೆಟ್ಟಿಗೆ ಹೊತ್ಕೊಂಡು ಮೆರೆದಿ. ನನ್ನ ಕೂಸಿಗೆ ಬೂದಿ ಹಚ್ಚಿದ್ಯಲ್ಲೇ."

ಅದೇ ಕಡೆ. ಮತ್ತೆ ಏಳು ವರ್ಷ, ಜೇಜಿ ಸಾಯುವ ತನಕ, ಅಮ್ಮ ಅವಳ ಜೊತೆ ಒಂದು ಮಾತೂ ಆಡಲಿಲ್ಲ. ಒಂದೇ ಕೋಣೆಯಲ್ಲಿ, ಒಂದೇ ಹಾಸಿನ ಎರಡು ಬದಿಗೆ, ದಿನವಿಡೀ ಎದುರುಬದುರು ಕೂತು ಎಳೆ ಕೂಡಿಸುತ್ತಿದ್ದರು. ಊಟಕ್ಕೆ ಕರೆಯಬೇಕಾದರೆ ಅಮ್ಮ ನನಗೆ ಹೇಳುತ್ತಿದ್ದಳು. ಜೇಜಿ ಬಂದು ಉಂಡು ಹೋಗುತ್ತಿದ್ದಳು. ತಗಡಿನ ಪೆಟ್ಟಿಗೆಯನ್ನು ಅವಳೇ ಬಸ್ಸು ಹತ್ತಿ ಹೋಗಿ ನರ್ಸಮ್ಮನಿಗೆ ವಾಪಸ್ಸು ಕೊಟ್ಟು ಬಂದಳು, ಅವರು ಬೇಡವೆಂದರೂ ಕೇಳಲಿಲ್ಲ. ಬೀದಿಯ ಜನ ಆಮೇಲೂ ಬಂದು ಕರೆದರು. ಜೇಜಿ ಹೋಗಲಿಲ್ಲ. ಮೂರನೇ ಮನೆಯ ಸೊಸೆಗೆ ಬೇರೆ ಯಾರೋ ಬಂದು ಹೆರಿಗೆ ಮಾಡಿಸಿದರು. ಆ ಹುಡುಗಿ ರಕ್ತ ನಿಲ್ಲದೆ ಸತ್ತಳು. ಅವಳ ಹೆಣ ಹೊರಗೆ ತಂದಾಗ ಜೇಜಿ ಬಾಗಿಲಲ್ಲಿ ನಿಂತು ತನ್ನ ಕೈಯನ್ನು ನೋಡಿಕೊಂಡಿದ್ದನ್ನು ನಾನು ಕಂಡೆ. ಆ ಸಾವೂ ನನ್ನ ತಲೆಯ ಮೇಲೇ ಇದೆ. ಒಂದು ದಿನ ತಡೆಯಲಾರದೆ ಕೇಳಿದೆ, ಯಾಕೆ ಹಾಗೆ ಹೇಳಿದೆ ಜೇಜಿ, ನಾನು ಅಮ್ಮನಿಗೆ ನಿಜ ಹೇಳಿಬಿಡುತ್ತೇನೆ ಅಂದೆ.

"ಬಾಯ್ಮುಚ್ಕೊಂಡು ಎಳೆ ಕೂಡ್ಸು" ಅಂದಳು.

ನಾನು ಬಾಯಿ ಮುಚ್ಚಿಕೊಂಡೆ. ಅದೊಂದು ವಿಷಯದಲ್ಲಿ ಮಾತ್ರ. ಉಳಿದಂತೆ ನನ್ನ ಬಾಯಿ ಎಂಥದೆಂದು ಚಳ್ಳಕೆರೆ ತಾಲೂಕಿಗೆಲ್ಲ ಗೊತ್ತು. ನರ್ಸ್ ಕಲಿತೆ, ಆಮೇಲೆ ಹೆರಿಗೆ ಮಾಡಿಸುವವರಿಗೆ ಕಲಿಸುವವಳಾದೆ. ಕುದಾಪುರದ ಕಡೆಯ ಹಟ್ಟಿಗಳಿಗೆ, ಉಳ್ಳಾರ್ತಿಯ ಆಚೆಗೆ, ಬಸ್ಸು ಇಳಿದು ನಡೆದು ಹೋಗಿ ಕಲಿಸಿದ್ದೇನೆ. ಎಲ್ಲ ಕಡೆಯೂ ಮೊದಲು ಕೇಳುವುದು ಒಂದೇ: ನಿಮ್ಮ ಮನೆಯ ಕೆಲಸ ಏನು, ಕೈ ಏನೇನು ಮುಟ್ಟುತ್ತದೆ? ಕುರಿ ಕಾಯುವವರಿಗೆ ಕುರಿಯ ಉಣ್ಣೆಯ ಹುರಿಯ ಮಾತು, ನೇಕಾರರಿಗೆ ಬೂದಿಯ ಮಾತು. ಹೊಸಬರು ಇದೆಲ್ಲ ಯಾಕೆ ಮೇಡಂ, ಪುಸ್ತಕದಲ್ಲಿ ಇಲ್ಲವಲ್ಲ ಅನ್ನುತ್ತಾರೆ. ನಾನು ಗದರಿ ಕೂರಿಸುತ್ತೇನೆ, ಕಾರಣ ಹೇಳುವುದಿಲ್ಲ. ಬಸುರಿಯರ ಇಂಜೆಕ್ಷನ್ನಿನ ಬಗ್ಗೆಯಂತೂ ನನ್ನಷ್ಟು ಕಾಡಿದವರು ಇನ್ನೊಬ್ಬರಿಲ್ಲ. ಅಟ್ಟದ ಮೇಲೆ, ಕಣಜದ ಹಿಂದೆ ಅಡಗಿದವರನ್ನು ರಟ್ಟೆ ಹಿಡಿದು ಎಳೆದು ತಂದು ಹಾಕಿಸಿದ್ದೇನೆ.

ನಾನೀಗ ಅರವತ್ತು ದಾಟಿದವಳು. ಕಡೆಯ ಎರಡು ವರ್ಷ ಅಮ್ಮ ಚಳ್ಳಕೆರೆಯ ನನ್ನ ಮನೆಯಲ್ಲಿ ಹಾಸಿಗೆ ಹಿಡಿದಿದ್ದಳು. ನಿದ್ದೆ ಬರುತ್ತಿರಲಿಲ್ಲ, ಗುಳಿಗೆ ಕೊಟ್ಟರೂ ಕಣ್ಣು ಬಿಟ್ಟುಕೊಂಡೇ ಇರುತ್ತಿದ್ದಳು. ಒಂದು ಮಧ್ಯಾಹ್ನ ಎದುರು ಮನೆಯ ಬಸುರಿ ಹುಡುಗಿಯನ್ನು ಇಂಜೆಕ್ಷನ್ನಿಗೆ ಕರೆದೊಯ್ಯಲು ಆಶಾ ಕಾರ್ಯಕರ್ತೆ ಬಂದಳು. ಹುಡುಗಿ ನಾಳೆ ಬರುತ್ತೇನೆ, ನಾಡಿದ್ದು ಬರುತ್ತೇನೆ ಎಂದು ರಗಳೆ ಮಾಡುತ್ತಿದ್ದಳು. ನಾನು ಕಿಟಕಿಯಿಂದಲೇ ಕೂಗಿದೆ.

"ಏಯ್, ನಿನ್ ಕೂಸು ಬದುಕ್ಬೇಕಾ ಬ್ಯಾಡ್ವಾ? ಸುಮ್ನೆ ಹೋಗಿ ಹಾಕಿಸ್ಕೊಂಡ್ ಬಾ."

ತಿರುಗಿದರೆ ಅಮ್ಮ ನನ್ನನ್ನೇ ನೋಡುತ್ತಿದ್ದಳು.

"ಲಚ್ಚೀ. ಆ ಸೂಜಿ ಹಾಕಿಸ್ಕೊಂಡಿದ್ರೆ ನನ್ನ ಮಗ ಉಳೀತಿದ್ನಾ?"

ಐವತ್ತು ವರ್ಷ ಅವಳು ಅದನ್ನು ಒಳಗೇ ಇಟ್ಟುಕೊಂಡಿದ್ದಳು. ನನಗೆ ಉತ್ತರ ಗೊತ್ತಿತ್ತು. ತಾಯಿಗೆ ಎರಡು ಇಂಜೆಕ್ಷನ್ ಆಗಿದ್ದರೆ ಕೂಸಿಗೆ ಹೊಟ್ಟೆಯೊಳಗೇ ರಕ್ಷಣೆ ಸಿಗುತ್ತದೆ. ಬೂದಿ ತಾಗಿದ್ದರೂ ಬಹಳ ಮಟ್ಟಿಗೆ ಅವನು ಉಳಿಯುತ್ತಿದ್ದ. ಇದನ್ನು ಎಷ್ಟು ಸಾವಿರ ಹೆಂಗಸರಿಗೆ ಹೇಳಿದ್ದೇನೋ, ಲೆಕ್ಕವಿಟ್ಟಿಲ್ಲ.

"ಇಲ್ಲಮ್ಮ. ಉಳೀತಿರ್ಲಿಲ್ಲ."

"ದಿಟವಾಗ್ಲೂ?"

"ನಾನು ನರ್ಸ್ ಅಲ್ವೇನಮ್ಮ? ನಂಗೊತ್ತಿಲ್ವಾ?"

ಅಮ್ಮ ಉಸಿರು ಬಿಟ್ಟಳು. "ಹಂಗಾದ್ರೆ ಆಯಮ್ಮ ಹಚ್ಚಿದ ಬೂದೀನೇ."

ಜೇಜಿ ಸತ್ತು ಅಷ್ಟು ವರ್ಷವಾದ ಮೇಲೂ ತಪ್ಪು ಅವಳ ಮೇಲೇ. ನನಗೆ ಇನ್ನು ತಡೆಯಲಾಗಲಿಲ್ಲ.

"ಜೇಜಿ ಹಚ್ಚಿಲ್ಲಮ್ಮ. ದಾರ ಹೊಸೆದವಳು ನಾನು. ನನ್ನ ಬೆರಳಿನ ಬೂದಿ ಅದು. ನನ್ನ ಉಳಿಸಾಕೆ ಜೇಜಿ ತನ್ನ ಮೇಲೆ ಹಾಕ್ಕೊಂಡ್ಲು."

"ನೀನಾ?"

"ನಾನೇ."

ಅಮ್ಮ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ಆಮೇಲೆ ಕಣ್ಣು ಮುಚ್ಚಿಕೊಂಡಳು. ಅದಾದ ಮೇಲೆ ನಾಲ್ಕು ತಿಂಗಳು ಬದುಕಿದ್ದಳು. ಉಣಿಸಿದರೆ ಉಂಡಳು, ಮೈ ತೊಳೆದರೆ ತೊಳೆಸಿಕೊಂಡಳು, ನನ್ನ ಜೊತೆ ಮಾತಾಡಲಿಲ್ಲ. ಎದುರು ಮನೆಯ ಹುಡುಗಿ ನೋಡಲು ಬಂದಾಗ, "ನೀರು ಬೇಕು ಅಂತ ಒಳಗಿರೋರಿಗೆ ಹೇಳಮ್ಮ" ಅನ್ನುತ್ತಿದ್ದಳು. ನಾನು ತಂದು ಕೊಡುತ್ತಿದ್ದೆ. ಸೂಜಿಯ ಮಾತನ್ನು ಅವಳು ಮತ್ತೆ ಎತ್ತಲಿಲ್ಲ. ಆ ನಾಲ್ಕು ತಿಂಗಳೂ ಅಮ್ಮ ಗುಳಿಗೆಯಿಲ್ಲದೆ ನಿದ್ದೆ ಮಾಡಿದಳು.